ಹಗ್ಗದಕ್ಕನ ದನಿ ಕದ್ದ ಆಟ

ಹಗ್ಗದಕ್ಕನಿಗೆ ಕೋಪ ಬಂದರೆ ಮೊದಲು ಮೂಗು ಕೆಂಪಾಗುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ತೆರೆಯಿತೋ, ಬಂದರಿನ ಆಚೆ ತುದಿಯಲ್ಲಿ ಕ್ರೇನಿನೊಳಗೆ ಕೂತವನಿಗೂ ಕೇಳಿಸುತ್ತದೆ. ಬೈಸಿಕೊಂಡವರು ತಲೆ ಕೆರೆದುಕೊಂಡು ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳೇ ಕರೆದು ಚಹಾ ಕೊಡಿಸುತ್ತಿದ್ದಳು. ಆದರೆ ಈ ಸಲ ಬಂದ ಕೋಪ ಆ ಜಾತಿಯದಲ್ಲ. ಒಡಹುಟ್ಟಿದ ತಮ್ಮನ ಮೇಲೆ ಹುಟ್ಟಿ, ಜೊತೆಗೆ ದುಡಿಯುವವರ ಮೇಲೆ ಹರಡಿ, ಕೊನೆಗೆ ಕಟ್ಟಿಕೊಂಡ ಗಂಡನ ಮೇಲೆ ಹೋಗಿ ನಿಂತ ಕೋಪ. ಬರದೇ ಏನು ಮಾಡುತ್ತದೆ ಹೇಳಿ? ಕೇಳಿದರೆ ನಿಮಗೂ ಬರುತ್ತದೆ.

ಅವಳ ಕೆಲಸ ಹಗ್ಗ ಹಿಡಿಯುವುದು. ನಗಬೇಡಿ. ಬಂದರಿನಲ್ಲಿ ನಿಂತ ಹಡಗುಗಳ ಅಡಿಗೆ ಹೋಗಿ ಅಂಟಿಕೊಂಡ ಚಿಪ್ಪು ಕೆರೆಯುವ, ನೀರು ತಳ್ಳುವ ಪಂಖಕ್ಕೆ ಸುತ್ತಿಕೊಂಡ ಬಲೆ ಕತ್ತರಿಸುವ ಮುಳುಗುಗಾರರ ಸಣ್ಣ ತಂಡವೊಂದಿದೆ. ಇಳಿಯುವವನ ಸೊಂಟಕ್ಕೊಂದು ಹಗ್ಗ, ಬಾಯಿಗೊಂದು ಗಾಳಿಯ ಕೊಳವೆ. ಮಾತಾಡುವ ತಂತಿಯಿರುವ ಟೋಪಿಗಳೆಲ್ಲ ದೊಡ್ಡ ಕಂಪನಿಗಳ ವೈಭೋಗ. ಇವರಿಗೆ ಹಗ್ಗವೇ ಬಾಯಿ, ಹಗ್ಗವೇ ಕಿವಿ. ಮೇಲಿನಿಂದ ಒಂದು ಸಲ ಎಳೆದರೆ ಹೇಗಿದ್ದೀಯ ಎಂದು ಕೇಳಿದ ಹಾಗೆ. ಕೆಳಗಿನಿಂದ ಒಂದು ಎಳೆತ ಬಂದರೆ ಚೆನ್ನಾಗಿದ್ದೀನಿ ಎಂದ ಹಾಗೆ. ಕೆಳಗಿನವನೇ ಮೊದಲು ಕೇಳಿದರೆ ಮೇಲಿನವರು ಆ ಕ್ಷಣವೇ ಉತ್ತರ ಕೊಡಬೇಕು, ಆಕಳಿಕೆ ಬಂದರೂ ಆಮೇಲೆ ಆಕಳಿಸಬೇಕು. ಆ ಕೊಳಕು ನೀರಿನಲ್ಲಿ ಇಳಿದವನಿಗೆ ತನ್ನ ಕೈ ತನಗೆ ಕಾಣುವುದಿಲ್ಲ. ಮೇಲೊಂದು ಜೀವ ತನ್ನನ್ನು ನೆನಪಿಟ್ಟುಕೊಂಡಿದೆ ಎಂದು ಅವನಿಗೆ ಗೊತ್ತಾಗುವುದು ಆ ಒಂದು ಎಳೆತದಿಂದ ಮಾತ್ರ.

ತಂಡದಲ್ಲಿ ಒಂದು ರೂಢಿಯಿದೆ. ಇಳಿಯುವವನು ತನ್ನ ಹಗ್ಗದ ತುದಿಯನ್ನು ತಾನೇ ಒಯ್ದು, ತನಗೆ ಬೇಕಾದವರ ಕೈಗೆ ಕೊಡಬೇಕು. ತೆಗೆದುಕೊಂಡವರು "ಇದೆ" ಅನ್ನಬೇಕು. ಆ ಮಾತು ಕೇಳದೆ ಯಾರೂ ಏಣಿಯ ಮೊದಲ ಮೆಟ್ಟಿಲಿಗೂ ಕಾಲಿಡುವುದಿಲ್ಲ. ಇಂಥವರ ಕೈಗೇ ಕೊಡು ಎಂದು ಹೇಳುವ ಹಕ್ಕು ಮೇಸ್ತ್ರಿಗೂ ಇಲ್ಲ. ಅವಳಪ್ಪ ಅದೇ ತಂಡದಲ್ಲಿ ಗಾಳಿಯಂತ್ರ ನೋಡಿಕೊಳ್ಳುತ್ತಿದ್ದ. ಲಂಗ ತೊಡುವ ವಯಸ್ಸಿನಿಂದಲೇ ಅವನ ಪಕ್ಕ ಕೂತು ಅವಳು ಹಗ್ಗದ ಭಾಷೆ ಕಲಿತಳು. ಅಂಗೈ ಕಿತ್ತುಹೋಗದಿರಲೆಂದು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಮಾಡಿ ಎಡಗೈಗೆ ಸುತ್ತಿಕೊಳ್ಳುತ್ತಿದ್ದಳು, ಈಗಲೂ ಸುತ್ತಿಕೊಳ್ಳುತ್ತಾಳೆ. ಎಷ್ಟೋ ವರ್ಷಗಳಿಂದ ತಂಡದ ಮೂವರು ಮುಳುಗುಗಾರರ ಹಗ್ಗವೂ ಸರದಿಯಂತೆ ಅವಳ ಕೈಗೇ ಬರುತ್ತಿತ್ತು. ಆ ಮೂವರಲ್ಲಿ ಒಬ್ಬನನ್ನು ಅವಳು ಮದುವೆಯೂ ಆದಳು. ಹಗ್ಗ ಕೊಡುವಾಗ ಬೆರಳು ಮುಟ್ಟಿಸುವುದನ್ನೇ ನೆಪ ಮಾಡಿಕೊಂಡ ಕಳ್ಳ ಅವನು ಎಂದು ಅವಳೇ ಎಲ್ಲರೆದುರು ಹೇಳುತ್ತಿದ್ದಳು. ಅವನು ಹಲ್ಲು ಕಿರಿಯುತ್ತಿದ್ದ.

ಇನ್ನು ತಮ್ಮ. ಅಮ್ಮ ತೀರಿಕೊಂಡಾಗ ಅವನಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ಮೂಗು ಒರೆಸಿದ್ದು, ತಲೆ ಬಾಚಿದ್ದು, ಶಾಲೆಯಲ್ಲಿ ಮೇಷ್ಟ್ರ ಕೈಲಿ ಬೈಸಿಕೊಂಡು ಬಂದದ್ದು ಎಲ್ಲ ಅಕ್ಕನೇ. ಬೆಳೆದ ಮೇಲೆ ಒಂದು ಕೆಲಸಕ್ಕೆ ಸೇರಿ ಬಿಟ್ಟ, ಇನ್ನೊಂದಕ್ಕೆ ಸೇರಿ ಅದನ್ನೂ ಬಿಟ್ಟ, ಆಮೇಲೆ ಮಹಡಿಯ ಮೇಲೊಂದು ಕೋಣೆ ಹಿಡಿದು ಕಂಪ್ಯೂಟರಿನ ಮುಂದೆ ಕೂತುಬಿಟ್ಟ. ಏನು ಮಾಡ್ತಾನಮ್ಮಾ ನಿನ್ನ ತಮ್ಮ ಎಂದು ಕೇಳಿದವರಿಗೆಲ್ಲ ಅವಳು, "ಒಂದು ಆಟ ಮಾಡ್ತಿದಾನೆ, ನೀರಿನೊಳಗಿನ ಆಟ, ಒಬ್ಬನೇ ಮಾಡ್ತಿದಾನೆ ಗೊತ್ತಾ" ಎಂದು ಹೇಳಿಕೊಂಡು ಓಡಾಡಿದಳು. ಅವನು ಆಗಾಗ ಬಂದರಿಗೆ ಬಂದು ಗಾಳಿಯಂತ್ರದ ಸದ್ದು, ಕೊಳವೆಯೊಳಗಿನ ಉಸಿರಿನ ಸದ್ದು ಎಲ್ಲ ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದ. ಒಂದು ದಿನ ಅಕ್ಕನ ಬಾಯಿಗೇ ಮೈಕು ಹಿಡಿದ.

"ಅಕ್ಕ, ಹಗ್ಗ ತಗೊಳ್ವಾಗ ಹೇಳ್ತೀಯಲ್ಲ, ಅದನ್ನ ಹೇಳು. ಇದೆ, ಇದೆ, ನನ್ನ ಕೈಲೇ ಇದೆ, ಇಳಿ. ಹಂಗೆ."

"ಇಷ್ಟೇನಾ? ನಾನೇನೋ ಹಾಡು ಹೇಳಿಸ್ತೀಯ ಅಂದ್ಕೊಂಡಿದ್ದೆ."

ಅವಳು ಹೇಳಿದಳು. ಜೋರಾಗಿ ಹೇಳು ಅಂದ, ಹೇಳಿದಳು. ಮೆಲ್ಲಗೆ, ಪಿಸುಮಾತಿನಲ್ಲಿ ಹೇಳು ಅಂದ, ಹೇಳಿದಳು. ಚಿಕ್ಕವನಿದ್ದಾಗ ನನ್ನ ಮಲಗಿಸ್ತಿದ್ಯಲ್ಲ, ಆ ಥರ ಹೇಳು ಅಂದ. ಅದನ್ನೂ ಹೇಳಿದಳು, ನಗುನಗುತ್ತಾ ಹೇಳಿದಳು. ತಮ್ಮನ ಕೆಲಸಕ್ಕೆ ತಾನೂ ಒಂದು ಕೈ ಸೇರಿಸಿದೆನಲ್ಲ ಎಂದು ಹಿಗ್ಗಿಹೋದಳು ಪಾಪ.

ಆಟ ಬಂತು. ಯಾವಾಗ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟು: ಒಂದು ಬೆಳಿಗ್ಗೆ ತಂಡದ ಉದ್ದಣ್ಣ ಹಗ್ಗದ ತುದಿ ಹಿಡಿದು ಬಂದ, ಅವಳು ಕೈ ಚಾಚಿದಳು, ಅವನು ಅವಳನ್ನು ದಾಟಿ ಹೋಗಿ ಮೇಸ್ತ್ರಿಯ ಅಳಿಯನ ಕೈಗೆ ಕೊಟ್ಟ. ಆ ಅಳಿಯನೋ, ಬೂಟಿನ ದಾರ ಕಟ್ಟಿಕೊಳ್ಳಲೂ ಎರಡು ಸಲ ಯೋಚಿಸುವ ಆಸಾಮಿ. ಹಗ್ಗದಕ್ಕ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. ಮರುದಿನ ಎರಡನೆಯ ಮುಳುಗುಗಾರನೂ ಹಾಗೇ ಮಾಡಿದ. ಕಟ್ಟೆಗೆ ಎತ್ತಿ ಹಾಕಿದ ಚಿಪ್ಪು ಗುಡಿಸುವವರು ಅವಳು ಹೋಗುವಾಗ ಬೆನ್ನ ಹಿಂದೆ "ಇದೆ, ಇದೆ" ಎಂದು ಪಿಸುಗುಟ್ಟಿ ಕಿಸಕ್ಕನೆ ನಕ್ಕರು. ಏನು ಎಂದು ತಿರುಗಿ ಕೇಳಿದರೆ ಎಲ್ಲರ ಬಾಯಿಗೂ ಬೀಗ.

ಬೀಗ ತೆಗೆದದ್ದು ಅತ್ತೆ. ಗಂಡನ ತಾಯಿಗೆ ಕಿವಿ ಮಂದ, ಫೋನಿನಲ್ಲಿ ಏನು ನೋಡಿದರೂ ಬೀದಿಗೆಲ್ಲ ಕೇಳಿಸುವಂತೆ ನೋಡುತ್ತಾರೆ. ಮಧ್ಯಾಹ್ನ ಅವಳು ಊಟಕ್ಕೆ ಬಂದಾಗ ಅತ್ತೆ ಮಂಚದ ಮೇಲೆ ಕಾಲು ಮಡಚಿಕೊಂಡು, ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂತಿದ್ದರು.

"ಬಾರೇ ಇಲ್ಲಿ. ಇದು ನಿನ್ನ ದನಿ ಅಲ್ವೇನೇ? ಯಾವನೋ ಹುಡುಗ ಆಟ ಆಡ್ತಾ ಕಿರುಚ್ಕೋತಿದಾನೆ. ಎಲ್ರೂ ನೋಡ್ತಿದಾರಂತೆ, ನನಗೂ ಕಳಿಸಿದ್ರು."

ಅವಳು ನಿಂತೇ ನೋಡಿದಳು. ಪರದೆಯ ತುಂಬ ಕೆಸರುನೀರು. ಮೂಲೆಯಲ್ಲಿ ಒಬ್ಬ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆವರುತ್ತಿದ್ದ. ಅವಳದೇ ದನಿ, ತಮ್ಮನನ್ನು ಮಲಗಿಸುವ ದನಿ, ನೀರಿನೊಳಗಿಂದ ಬರುತ್ತಿತ್ತು: ಇದೆ, ಇದೆ, ನನ್ನ ಕೈಲೇ ಇದೆ, ಇಳಿ. ಆಮೇಲೆ ಒಂದು ಮುಖ ಬಂತು. ಹುಡುಗ ಕುರ್ಚಿಯಿಂದ ಬಿದ್ದ. ಅತ್ತೆ "ಅಯ್ಯಮ್ಮಾ!" ಎಂದು ಫೋನನ್ನು ಹಾಸಿಗೆಗೆ ಎಸೆದು, ಸೊಸೆಯ ಮುಖವನ್ನು ಒಮ್ಮೆ ನೋಡಿ, ಸ್ವಲ್ಪ ಆಚೆ ಸರಿದು ಕೂತರು. ತಟ್ಟೆಯ ಮುಂದೆ ಕೂರದೆ ಹಗ್ಗದಕ್ಕ ಹಾಗೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ತಮ್ಮನ ಕೋಣೆಯಲ್ಲಿ ಹಗಲಲ್ಲೂ ಪರದೆ ಎಳೆದಿರುತ್ತದೆ. ತೊಳೆಯದ ಲೋಟಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ಅವನು ಬಾಗಿಲು ತೆರೆದವನೇ, "ಅಕ್ಕ! ನೋಡಿದ್ಯಾ? ಎಷ್ಟು ಜನ ಆಡ್ತಿದಾರೆ ಗೊತ್ತಾ?" ಎಂದು ಅಪ್ಪಿಕೊಳ್ಳಲು ಬಂದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಎಂದೂ ಕಂಡಿರಲಿಲ್ಲ. ಅದನ್ನು ನೋಡಿ ಕೋಪ ಇನ್ನಷ್ಟು ಹೆಚ್ಚಾಯಿತು. ಕೈ ತಳ್ಳಿದಳು.

"ಕೂರಿಸು ನನ್ನ. ನಾನೂ ಆಡ್ತೀನಿ."

ಆಟ ದೊಡ್ಡದೇನಲ್ಲ, ಒಮ್ಮೆ ಕೂತರೆ ಏಳುವುದರೊಳಗೆ ಮುಗಿಯುತ್ತದೆ. ನೀವು ಒಬ್ಬ ಮುಳುಗುಗಾರ. ನಿಂತ ಹಡಗೊಂದರ ಅಡಿಗೆ ಇಳಿಯುತ್ತೀರಿ. ದೀಪದ ಬೆಳಕು ಒಂದು ಮೊಳದಾಚೆ ಹೋಗುವುದಿಲ್ಲ. ಕಿವಿಯ ತುಂಬ ನಿಮ್ಮದೇ ಉಸಿರು. ತಲೆಯ ಮೇಲೆ ಹಡಗಿನ ಹೊಟ್ಟೆ, ಮುಗಿಯುವುದೇ ಇಲ್ಲ. ಚಿಪ್ಪು ಕೆರೆದಷ್ಟೂ ಅದರಡಿಯಲ್ಲಿ ಕಬ್ಬಿಣ ಬರುವ ಬದಲು ಇನ್ನೇನೋ ಮೆತ್ತಗಿನದು ಬರುತ್ತದೆ. ಹೆದರಿ ನಿಂತಾಗಲೆಲ್ಲ ಮೇಲಿನಿಂದ ಆ ಪ್ರೀತಿಯ ದನಿ: ಇದೆ, ನನ್ನ ಕೈಲೇ ಇದೆ, ಇಳಿ. ನಂಬಿ ಇಳಿಯುತ್ತೀರಿ. ಕೊನೆಯಲ್ಲಿ ದೀಪ ತಿರುಗಿಸಿ ನೋಡಿದರೆ ಹಗ್ಗ ಮೇಲಕ್ಕೆ ಹೋಗಿರುವುದೇ ಇಲ್ಲ, ಕೆಳಕ್ಕೆ ಹೋಗಿರುತ್ತದೆ. ಕೆಸರಿನಲ್ಲಿ ಒಬ್ಬ ಹೆಂಗಸು ಕೂತು ಅದನ್ನು ಸುತ್ತಿಕೊಳ್ಳುತ್ತಿರುತ್ತಾಳೆ. ಹರಡಿದ ಕೂದಲು, ಕಿವಿಯಿಂದ ಕಿವಿಗೆ ಹರಿದ ಬಾಯಿ, ಎಡಗೈಗೆ ಸೈಕಲ್ ಟ್ಯೂಬಿನ ಪಟ್ಟಿ.

ಕಂಪ್ಯೂಟರಿನ ಮುಂದೆ ಎಂದೂ ಕೂತವಳಲ್ಲ ಅವಳು. ತಮ್ಮ ತೋರಿಸಿದ ಗುಂಡಿಗಳನ್ನು ಒತ್ತುತ್ತಾ ಹೋದಳು. ಸ್ವಲ್ಪ ಆಳಕ್ಕೆ ಹೋಗಿ ನಿಂತಳು.

"ಎಳೆಯೋಕೆ ಯಾವುದು ಒತ್ತಬೇಕು?"

"ಏನು ಎಳೆಯೋಕೆ?"

"ಹಗ್ಗ ಕಣೋ. ಮೇಲೆ ಯಾರಿದಾರೆ ಅಂತ ಕೇಳ್ಬೇಡ್ವಾ ನಾನು?"

"ಅದಿಲ್ಲ ಅಕ್ಕ."

"ಇಲ್ಲ ಅಂದ್ರೆ?"

ಅವನು ಉತ್ಸಾಹದಿಂದಲೇ ವಿವರಿಸಿದ. "ಮೊದಲು ಇಟ್ಟಿದ್ದೆ. ಎಳೆದ್ರೆ ಮೇಲಿಂದ ಉತ್ತರ ಬರ್ತಿತ್ತು. ಆಡಿ ನೋಡಿದೋರು ಯಾರೂ ಹೆದರಲೇ ಇಲ್ಲ. ಉತ್ತರ ಬಂದ್ರೆ ಯಾಕೆ ಹೆದರ್ತಾರೆ ಹೇಳು? ಅದನ್ನ ತೆಗೆದ ಮೇಲೇ ಆಟಕ್ಕೆ ಜೀವ ಬಂದಿದ್ದು."

ಹಗ್ಗದಕ್ಕ ಗುಂಡಿಗಳಿಂದ ಕೈ ತೆಗೆದಳು. ಮೂಗು ಕೆಂಪಾಗಿತ್ತು.

"ಅಂದ್ರೆ ನಾನು ಮಾಡೋ ಕೆಲಸನ ಕಿತ್ತು ಬಿಸಾಕಿ, ನನ್ನ ದನಿ, ನನ್ನ ಕೈಪಟ್ಟಿ ಮಾತ್ರ ಇಟ್ಕೊಂಡಿದೀಯ."

"ಅದು ನೀನಲ್ಲ ಅಕ್ಕ, ಅದೊಂದು ಪಾತ್ರ."

"ಪಾತ್ರಕ್ಕೆ ನಿನ್ನ ದನಿ ಹಾಕೋಕೆ ಏನಾಗಿತ್ತು ದಾಡಿ?"

"ನನ್ನ ದನಿ ಯಾರು ನಂಬ್ತಾರೆ? ನಿನ್ನ ದನಿ ಕೇಳಿದ್ರೆ ಎಂಥೋರಿಗೂ ನಂಬಿಕೆ ಬರತ್ತೆ. ನಂಬಿಕೆ ಬರದೇ ಇದ್ರೆ ಹೆದರಿಕೆ ಬರಲ್ಲ."

ಇದನ್ನು ಅವನು ಹೊಗಳಿಕೆ ಎಂದುಕೊಂಡೇ ಹೇಳಿದ, ಮೂರ್ಖ ಶಿಖಾಮಣಿ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಷ್ಟು ದೊಡ್ಡ ಗಂಡಸಿಗೆ ಹೇಗೆ ಬಾರಿಸುವುದು ಎಂದು ಮೇಜಿಗೆ ಬಾರಿಸಿದಳು. ಒಂದು ಲೋಟ ಬಿದ್ದು ಒಡೆಯಿತು. "ನಾಳೆ ಬೆಳಿಗ್ಗೆ ಬಂದರಿಗೆ ಬರ್ತೀಯ. ಇದೆಲ್ಲ ಕಟ್ಟುಕತೆ, ನನ್ನ ಅಕ್ಕ ಯಾವತ್ತೂ ಹಗ್ಗ ಬಿಟ್ಟೋಳಲ್ಲ ಅಂತ ಎಲ್ರೆದುರು ನಿಂತು ಹೇಳ್ತೀಯ. ಇಲ್ಲಾಂದ್ರೆ ನಿನಗೆ ಅಕ್ಕ ಇಲ್ಲ ಅಂದ್ಕೋ." ಅವನು ತಲೆ ತಗ್ಗಿಸಿ ಆಗಲಿ ಅಂದ.

ಅವಳ ಅವಸರಕ್ಕೆ ಕಾರಣವಿತ್ತು. ಗಂಡನದೊಂದು ಹಗ್ಗ ಮಾತ್ರ ಅವಳ ಕೈಲಿ ಉಳಿದಿತ್ತು. ಅದಕ್ಕೂ ಅಂದು ಸಂಜೆ ಕುತ್ತು ಬಂತು. ಮೇಸ್ತ್ರಿ ಕರೆದು, ಕಣ್ಣಿಗೆ ಕಣ್ಣು ಕೊಡದೆ, "ಒಬ್ಬನ ಹಗ್ಗಕ್ಕೆ ಅಂತ ಒಬ್ಬಳನ್ನ ಇಟ್ಕೊಳ್ಳೋಕೆ ಆಗಲ್ಲಮ್ಮ. ಇಳಿಯೋರ ಮನಸ್ಸಲ್ಲಿ ಅಳುಕು ಬಂದ್ರೆ ಕೆಲಸ ಕೆಡತ್ತೆ. ಚಿಪ್ಪು ಗುಡಿಸೋರ ಜೊತೆ ಸೇರ್ಕೋ, ಸ್ವಲ್ಪ ದಿನ" ಎಂದ. ಸ್ವಲ್ಪ ದಿನ ಎಂಬುದರ ಅರ್ಥ ಅವಳಿಗೆ ಗೊತ್ತಿತ್ತು. ಒಮ್ಮೆ ಪೊರಕೆ ಹಿಡಿದ ಕೈಗೆ ಯಾರೂ ತಿರುಗಿ ಹಗ್ಗ ಕೊಡುವುದಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು "ಬಿಡು, ನಾಲ್ಕು ದಿನ ಮಾತಾಡ್ತಾರೆ, ಆಮೇಲೆ ಮರೀತಾರೆ" ಎಂದು ಆಚೆ ತಿರುಗಿ ಮಲಗಿದ. ಆ ಮಾತಿನಲ್ಲಿ ಏನೋ ಕೊರತೆ ಇದೆ ಅನ್ನಿಸಿದರೂ ಅವಳು ಕೆದಕಲಿಲ್ಲ.

ಬೆಳಿಗ್ಗೆ ತಮ್ಮ ಬಂದ. ಬಂದು ಏನಾಯಿತು ಅಂತೀರಿ? ಅವನು ಬಾಯಿ ತೆರೆಯುವ ಮೊದಲೇ ಉದ್ದಣ್ಣ ಓಡಿ ಬಂದು ಕೈ ಕುಲುಕಿದ. "ನೀವೇನಾ ಸಾರ್ ಅದನ್ನ ಮಾಡಿದ್ದು? ನಮ್ಮ ಅಕ್ಕನ ತಮ್ಮನೇನಾ? ಏನ್ ತಲೆ ಸಾರ್ ನಿಮ್ದು!" ಎರಡನೆಯವನು ಫೋಟೋ ತೆಗೆಸಿಕೊಂಡ. ಅಳಿಯ ಕೂಡ ಪಕ್ಕದಲ್ಲಿ ನುಸುಳಿ ನಿಂತ. ತಮ್ಮ "ಇಲ್ಲ, ನೋಡಿ, ಇದು ಬರೀ ಕಲ್ಪನೆ, ನಮ್ಮ ಅಕ್ಕ..." ಎಂದು ಶುರು ಮಾಡಿದನೇನೋ ಹೌದು. ಅಷ್ಟರಲ್ಲಿ ಉದ್ದಣ್ಣ, "ಆ ಎರಡನೇ ಪಂಖದ ಹತ್ರ ದಾಟೋದು ಹೆಂಗೆ ಸಾರ್? ಅಲ್ಲೇ ಸಾಯ್ತಿದೀನಿ" ಎಂದು ಕೇಳಿದ. ತಮ್ಮನ ಮುಖ ಅರಳಿತು, ಹೇಳಿಕೊಡಲು ನಿಂತ. ಹಗ್ಗದಕ್ಕ ನೋಡುತ್ತಲೇ ಇದ್ದಳು. ಭೂತ ಮಾಡಿದವನ ಸುತ್ತ ಜಾತ್ರೆ, ಭೂತವಾದವಳ ಹತ್ತಿರ ಒಂದು ನರಪಿಳ್ಳೆ ಇಲ್ಲ.

ಆ ಹೊತ್ತಿಗೆ ಇಳಿಯಲು ಸಿದ್ಧನಾದ ಗಂಡ ಹಗ್ಗದ ತುದಿ ಹಿಡಿದು ಬಂದ. ಅವಳು ಕೈ ಚಾಚಿದಳು. ಅವನು ನಿಂತ. ಮೇಸ್ತ್ರಿಯ ಕಡೆ ನೋಡಿದ, ಹುಡುಗರ ಕಡೆ ನೋಡಿದ, ಕೊನೆಗೆ ಹಗ್ಗವನ್ನು ಅಳಿಯನ ಕೈಗೆ ಕೊಟ್ಟ.

"ಇವತ್ತೊಂದಿನ ಕಣೇ," ಎಂದ ಮೆಲ್ಲಗೆ. "ಎಲ್ರೂ ಆಡ್ಕೋತಿದಾರೆ. ನನಗೇನಿಲ್ಲ. ಆದ್ರೂ ಕೆಳಗೆ ಹೋದಾಗ ಆ ಮುಖ ನೆನಪಾಗತ್ತೆ. ನಾನೇನು ಮಾಡ್ಲಿ?"

ಎಲ್ಲರೂ ಅವಳ ಬಾಯಿ ತೆರೆಯುವುದನ್ನೇ ಕಾದರು. ತೆರೆಯಲಿಲ್ಲ. ಅವಳು ನೇರ ಹೋಗಿ ಅಳಿಯನ ಕೈಯಿಂದ ಹಗ್ಗ ಕಿತ್ತುಕೊಂಡಳು. ಗಂಡನ ಸೊಂಟದಿಂದ ಗಂಟು ಬಿಚ್ಚಿದಳು. ತನ್ನ ಸೊಂಟಕ್ಕೆ ಬಿಗಿದುಕೊಂಡಳು. ಆಮೇಲೆ ತುದಿಯನ್ನು ಗಂಡನ ಎದೆಗೆ ಒತ್ತಿ ಹಿಡಿದಳು.

"ಹಿಡಿ. ನಾನು ಇಳೀತೀನಿ."

ಮೇಸ್ತ್ರಿ ಹಾಂ ಹೂಂ ಎಂದು ಮಧ್ಯೆ ಬಂದ. "ಹಗ್ಗ ಹಿಡಿಯೋರು ಒಂದು ಸಲವಾದ್ರೂ ಇಳಿದು ನೋಡ್ಬೇಕು ಅಂತ ನನ್ನ ಇಳಿಸಿದ್ದು ನೀವೇ ತಾನೆ?" ಎಂದಳು. "ನಾನು ಇಳಿದಿದೀನಿ, ಹೊಸದಲ್ಲ. ಇಳಿಯೋರು ಒಂದು ಸಲವಾದ್ರೂ ಹಗ್ಗ ಹಿಡಿದು ನೋಡ್ಬೇಕು ಅಂತ ನಿಮಗೆ ಯಾವತ್ತೂ ಹೊಳೀಲಿಲ್ಲ. ಇವತ್ತು ಹೊಳೀಲಿ." ಅದು ನಿಜವೇ ಆಗಿತ್ತು. ಆ ತಂಡದಲ್ಲಿ ಇಳಿಯುವವರು ಇಳಿಯುವುದನ್ನಷ್ಟೇ ಕಲಿತಿದ್ದರು. ಹಗ್ಗ ಹಿಡಿಯುವುದೆಂದರೆ ಸುಮ್ಮನೆ ಕೂರುವುದು ಎಂದು ಒಬ್ಬೊಬ್ಬರೂ ಒಳಗೊಳಗೆ ನಂಬಿದ್ದರು. ಮೇಸ್ತ್ರಿ ಬದಿಗೆ ಸರಿದ. ಗಂಡ ನಕ್ಕು, ಹಗ್ಗ ಹಿಡಿದು, "ಇದೆ, ಇದೆ" ಅಂದ. ಎರಡು ಸಲ ಅಂದದ್ದು ತಮಾಷೆಗೆ. ಹುಡುಗರು ನಕ್ಕರು.

ಗಾಳಿಯ ಕೊಳವೆಯನ್ನು ಬಾಯಿಗೆ ಕಚ್ಚಿಕೊಂಡು ಅವಳು ಏಣಿ ಇಳಿದಳು. ನೀರು ಕುತ್ತಿಗೆಗೆ ಬಂತು, ತಲೆಯ ಮೇಲೆ ಬಂತು, ಬೆಳಕು ಹಸಿರಾಗಿ, ಕಂದಾಗಿ, ಇಲ್ಲವಾಯಿತು. ಏಣಿಯ ಕೊನೆಯ ಮೆಟ್ಟಿಲು ಕಾಲಿಗೆ ಸಿಕ್ಕಿತು, ಅದರಾಚೆ ಕೆಸರು. ಚಳಿ ಕಿವಿಯೊಳಗೆ ಇಳಿಯಿತು. ಹಡಗಿನ ಹೊಟ್ಟೆ ಕೈಗೆ ತಾಗಿತು, ಲೋಳೆಲೋಳೆಯಾಗಿ. ಒಂದು ಕೈಯಿಂದ ಏಣಿ ಹಿಡಿದು ನಿಂತು, ಇನ್ನೊಂದು ಕೈಯಿಂದ ಹಗ್ಗವನ್ನು ಒಂದು ಸಲ ಎಳೆದಳು.

ಉತ್ತರ ಬರಲಿಲ್ಲ.

ಸರಿಯಾಗಿ ಎಳೆದಿಲ್ಲವೇನೋ ಎಂದುಕೊಂಡು ಮತ್ತೆ ಎಳೆದಳು. ಹಗ್ಗ ಸ್ವಲ್ಪ ಬಿಗಿಯಾಗಿ ಅಲ್ಲೇ ನಿಂತುಬಿಟ್ಟಿತು. ಎಲ್ಲೋ ಸಿಕ್ಕಿಕೊಂಡ ಹಗ್ಗದ ಬಿಗಿ ಅದು. ಕೈಯ ಬಿಗಿ ಹಾಗಿರುವುದಿಲ್ಲ. ಅದರ ವ್ಯತ್ಯಾಸ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರನೆಯ ಸಲ ಎಳೆದಳು. ಕಾದಳು. ಉಸಿರು ಕೊಳವೆಯಲ್ಲಿ ಗೊರಗೊರ ಅನ್ನುತ್ತಿತ್ತು. ಹೆದರಿಕೆಯಾಯಿತು ಅವಳಿಗೆ, ನಿಜವಾದ ಹೆದರಿಕೆ, ಆ ಕತ್ತಲಿನದಲ್ಲ, ಕೆಸರಿನದಲ್ಲ. ಏಣಿ ಕೈಲೇ ಇತ್ತು, ಗಾಳಿ ಬರುತ್ತಲೇ ಇತ್ತು, ಸಾಯುವ ಮಾತೇ ಇರಲಿಲ್ಲ. ಆದರೆ ಮೇಲೆ ತನ್ನನ್ನು ನೆನಪಿಟ್ಟುಕೊಂಡವರು ಒಬ್ಬರೂ ಇಲ್ಲ ಎಂಬುದು ಮೈಯೆಲ್ಲ ಹಬ್ಬಿತು. ತಮ್ಮ ಈ ಹೆದರಿಕೆಯನ್ನು ಸರಿಯಾಗಿಯೇ ಹಿಡಿದಿದ್ದಾನೆ ಎಂದು ಒಂದು ಗಳಿಗೆ ಅನ್ನಿಸಿತು. ಆ ಕ್ಷಣವೇ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ನಾಲ್ಕನೆಯ ಸಲ ಎಳೆಯಲಿಲ್ಲ. ಏಣಿ ಹತ್ತಿದಳು.

ನೀರಿನಿಂದ ತಲೆ ಎತ್ತಿದಾಗ ಕಂಡದ್ದು ಇದು. ಗಂಡ ಅವಳಿಗೆ ಬೆನ್ನು ಹಾಕಿ, ಫೋನಿನಲ್ಲಿ ಅದೇ ಆಟ ಆಡುತ್ತಾ ನಿಂತಿದ್ದ. ತಮ್ಮ ಅವನ ಭುಜದ ಮೇಲಿಂದ ಬಗ್ಗಿ, "ಅಲ್ಲಿ ಎಡಕ್ಕೆ ಹೋಗಿ ಭಾವ, ಎಡಕ್ಕೆ" ಎನ್ನುತ್ತಿದ್ದ. ಉಳಿದವರೆಲ್ಲ ಕುತ್ತಿಗೆ ಚಾಚಿಕೊಂಡು ನೋಡುತ್ತಿದ್ದರು, ಮೇಸ್ತ್ರಿ ಕೂಡ. ಹಗ್ಗ ಗಂಡನ ಕೈಲಿರಲಿಲ್ಲ. ಜಾರದಿರಲಿ ಎಂದು ಬುದ್ಧಿವಂತಿಕೆಯಿಂದ ಬೂಟುಗಾಲಿನ ಕೆಳಗೆ ಒತ್ತಿಟ್ಟುಕೊಂಡಿದ್ದ. ಅವಳು ಕಟ್ಟೆ ಹತ್ತಿ ಅವನ ಬೆನ್ನ ಹಿಂದೆ ಬರುವಷ್ಟರಲ್ಲಿ ಫೋನಿನಿಂದ ಅವಳದೇ ದನಿ ಬಂತು, ಇದೆ, ಇದೆ, ನನ್ನ ಕೈಲೇ ಇದೆ. ಗಂಡಸರೆಲ್ಲ ಒಟ್ಟಿಗೆ ಹೌಹಾರಿ ಹಿಂದಕ್ಕೆ ವಾಲಿದರು. ಹಿಂದಕ್ಕೆ ವಾಲಿದ ಗಂಡನಿಗೆ ಅವಳು ತಾಗಿದಳು.

"ಆಂ? ಬಂದೇ ಬಿಟ್ಯಾ?" ಎಂದ ಅವನು ತಿರುಗಿ.

ಅವಳ ಕೂದಲಿನಿಂದ ನೀರು ಸುರಿಯುತ್ತಿತ್ತು, ಮುಖದ ಮೇಲೆ ಕೆಸರು. ಯಾರೂ ನಗಲಿಲ್ಲ. ಅವಳು ಬಗ್ಗಿ, ಅವನ ಬೂಟಿನ ಅಡಿಯಲ್ಲಿದ್ದ ಹಗ್ಗವನ್ನು ಹಿಡಿದು ಒಂದು ಸಲ ಎಳೆದು ತೋರಿಸಿದಳು. ಅವನು ಕಾಲಿನ ಕಡೆ ನೋಡಿದ. ಎಲ್ಲರೂ ನೋಡಿದರು. ಅವನ ಬಣ್ಣ ಇಳಿದುಹೋಯಿತು.

"ಎಳೆದ್ಯಾ?" ಎಂದು ಕೇಳಿದ.

"ಮೂರು ಸಲ."

ಆಮೇಲೆ ಬಾಯಿ ತೆರೆಯಿತು ನೋಡಿ. "ಇಷ್ಟು ವರ್ಷ ನಿಮ್ಮ ಹಗ್ಗ ಹಿಡಿದೆನಲ್ರೋ! ಜ್ವರ ಬಂದಾಗ ಹಿಡಿದೆ. ಬಸುರಿ ಇದ್ದಾಗ ಹಿಡಿದೆ. ಅಪ್ಪನ್ನ ಮಣ್ಣು ಮಾಡಿ ಬಂದು ಹಿಡಿದೆ. ಒಂದು ಎಳೆತಕ್ಕೆ ಉತ್ತರ ತಪ್ಪಿದೆಯಾ? ಹೇಳೋ ಉದ್ದಣ್ಣ, ತಪ್ಪಿದೆಯಾ? ಕಂಪ್ಯೂಟರಲ್ಲಿ ಒಂದು ಗೊಂಬೆ ಹಗ್ಗ ಬಿಟ್ಟಿದ್ದಕ್ಕೆ ನಾನು ಭೂತ ಆದೆ ನಿಮಗೆ. ಕಣ್ಣೆದುರಿಗೆ ಕಟ್ಟಿಕೊಂಡ ಹೆಂಡತಿ ಹಗ್ಗನ ಮೆಟ್ಕೊಂಡು ನಿಂತೋನು ಏನು? ಮನುಷ್ಯನಾ? ನಾಚಿಕೆ ಆಗಲ್ವಾ ನಿಮ್ಮ ಮುಖಗಳಿಗೆ!" ಕ್ರೇನಿನವನು ಕಿಟಕಿಯಿಂದ ತಲೆ ಹೊರಹಾಕಿದ. ಉದ್ದಣ್ಣ ತನ್ನ ಪಾದ ನೋಡುತ್ತಾ, "ತಪ್ಪಿಲ್ಲ ಅಕ್ಕ" ಎಂದ.

ತಮ್ಮ ಮುಂದೆ ಬಂದ. ಅವನ ಕಣ್ಣಲ್ಲಿ ನೀರಿತ್ತು. "ಅಕ್ಕ, ನಿನ್ನ ದನಿ ತೆಗೆದುಹಾಕ್ತೀನಿ. ಇವತ್ತೇ ತೆಗೀತೀನಿ."

"ತೆಗಿ," ಎಂದಳು ಅವಳು. "ತೆಗೆದು ನಿನ್ನ ಭಾವನ ದನಿ ಹಾಕು. ಅವನು ಏನೂ ಹೇಳೋದು ಬೇಡ. ಆಂ, ಬಂದೇ ಬಿಟ್ಯಾ, ಅಂದ್ರೆ ಸಾಕು. ನನ್ನ ದನಿಗಿಂತ ಹೆಚ್ಚು ಹೆದರ್ತಾರೆ ಜನ. ಮತ್ತೆ ಆ ಎಳೆಯೋ ಗುಂಡಿ ವಾಪಸ್ ಇಡು. ಎಳೆದೋರಿಗೆ ಉತ್ತರ ಬರ್ದೇ ಇರ್ಲಿ. ಎಳೆದು ನೋಡ್ಲಿ, ನಿಜವಾದ ಭೂತ ಯಾರು ಅಂತ ಗೊತ್ತಾಗ್ಲಿ."

ಅವನು ಹೂಂ ಎಂದು ತಲೆಯಾಡಿಸಿದ. ಅವಳು ಕಟ್ಟೆಯ ಮೇಲೆ ಕೂತು ಕೂದಲು ಹಿಂಡಿಕೊಂಡಳು. ಯಾರೋ ಟವೆಲ್ ತಂದು ಕೊಟ್ಟರು, ಯಾರೋ ಚಹಾ ತಂದು ಪಕ್ಕದಲ್ಲಿಟ್ಟರು. ಅವಳು ಎರಡನ್ನೂ ಮುಟ್ಟಲಿಲ್ಲ. ಹಡಗಿನ ಕೆಲಸ ಹಾಗೇ ನಿಂತಿತ್ತು, ಯಾರಾದರೂ ಇಳಿಯಲೇಬೇಕಿತ್ತು. ಗಂಡ ತನ್ನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ತುದಿ ಹಿಡಿದು ಅವಳ ಮುಂದೆ ಬಂದು ನಿಂತ. ಬೇರೆ ಯಾರ ಕಡೆಯೂ ನೋಡಲಿಲ್ಲ. ಅವಳು ಕೈ ಚಾಚಲಿಲ್ಲ. ಅವನು ನಿಂತೇ ಇದ್ದ. ಬೆವರು ಒರೆಸಿಕೊಂಡ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. "ತಗೊಳ್ಳೇ," ಎಂದ ಕೊನೆಗೆ, "ನಿನ್ನ ಕೈಲಿ ಇಲ್ದೇ ಇದ್ರೆ ನಾನು ಇಳಿಯಲ್ಲ." ತುಂಬಾ ಹೊತ್ತು ಅವನನ್ನು ಹಾಗೇ ನಿಲ್ಲಿಸಿ, ಆಮೇಲೆ ಅವಳು ಹಗ್ಗ ತೆಗೆದುಕೊಂಡಳು. ಹೇಳಬೇಕಾದ ಮಾತನ್ನು ಅವನ ಮುಖ ನೋಡದೆ ಹೇಳಿದಳು.

ಅವನು ಮುಳುಗಿದ. ಇನ್ನೂ ತಲೆ ಮರೆಯಾಗಿ ಕ್ಷಣವಾಗಿರಲಿಲ್ಲ, ಕೆಳಗಿನಿಂದ ಒಂದು ಎಳೆತ ಬಂತು. ಅವಳು ಉತ್ತರ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಬಂತು, ಅದಕ್ಕೂ ಕೊಟ್ಟಳು. ಆಮೇಲೆ ಇನ್ನೊಂದು, ಇನ್ನೊಂದು. ಕೆಲಸಕ್ಕೆ ಬೇಕಾದ ಎಳೆತಗಳಲ್ಲ ಅವು, ಅಷ್ಟು ವರ್ಷ ಇಳಿದವನು ಎಂದೂ ಹಾಗೆ ಎಳೆದವನಲ್ಲ. ಇಡೀ ಬೆಳಿಗ್ಗೆ ಅವನು ಕೆಳಗಿನಿಂದ ಸುಮ್ಮಸುಮ್ಮನೆ ಕೇಳುತ್ತಲೇ ಇದ್ದ. ಅವಳು ಪ್ರತಿಯೊಂದಕ್ಕೂ ಆ ಕ್ಷಣವೇ ಉತ್ತರ ಕೊಟ್ಟಳು, ಪ್ರತಿ ಸಲವೂ ಒಂದೊಂದು ಹೊಸ ಬೈಗುಳ ಸೇರಿಸಿ, ಬಂದರಿನ ಆಚೆ ತುದಿಗೂ ಕೇಳಿಸುವ ಹಾಗೆ.